ಚೆನ್ನಾಗಿದ್ದ ಹೀಟರ್ ಬಿಚ್ಚಿ, ಹೊಸದನ್ನು ಸುಟ್ಟೆ

ಡೀಸೆಲ್ ಗಾಡಿಗಳ ರಿಪೇರಿ ನನ್ನ ಕೆಲಸ. ಸೇರಿದ ಮೊದಲ ಚಳಿಗಾಲದಲ್ಲಿ, ಮೈನಸ್ 20 ಡಿಗ್ರಿಯ ಒಂದು ಬೆಳಗ್ಗೆ, ಟ್ರಕ್ಕೊಂದು ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ನರಳುತ್ತಾ ತಿರುಗುತ್ತಿತ್ತು. ಇಂಜಿನ್ ಬ್ಲಾಕನ್ನು, ಅಂದರೆ ಇಂಜಿನ್ನಿನ ಕಬ್ಬಿಣದ ಮೈಯನ್ನು, ಕರೆಂಟಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರ್ ರಾತ್ರಿಯೆಲ್ಲ ಪ್ಲಗ್‌ನಲ್ಲೇ ಇತ್ತು ಎಂದರು ಡ್ರೈವರ್. ಬ್ಲಾಕ್ ಮುಟ್ಟಿ ನೋಡಿದೆ, ಮಂಜುಗಡ್ಡೆ. "ಹೀಟರ್ ಹೋಗಿದೆ" ಎಂದುಬಿಟ್ಟೆ.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಬರುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಬ್ಲಾಕ್ ತಣ್ಣಗಿದ್ದರೆ ಆ ಬಿಸಿಯನ್ನು ಕಬ್ಬಿಣವೇ ನುಂಗಿಬಿಡುತ್ತದೆ. ಆಯಿಲ್ ಗಟ್ಟಿ, ಬ್ಯಾಟರಿಯೂ ಸುಸ್ತು. ಬ್ಲಾಕ್ ಹೀಟರ್ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಒಳಗೆ ಮುಳುಗಿ ಕೂತು ಅದನ್ನು ನಿಧಾನಕ್ಕೆ ಕಾಯಿಸುತ್ತದೆ. ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ಬೇರೆ, ಇದು ಬೇರೆ. ಟ್ಯಾಂಕಿನಲ್ಲಿ ಡೀಸೆಲ್ ಮೇಣದ ಹಾಗೆ ಕಟ್ಟಿಕೊಂಡರೆ ಇವೆರಡೂ ಏನೂ ಮಾಡಲಾರವು. ಅದಕ್ಕೆ ಚಳಿಗಾಲದ ಡೀಸೆಲ್ಲೇ ಬೇಕು.

ಸರಿ, ಕೂಲೆಂಟ್ ಇಳಿಸಿ ಹಳೆ ಹೀಟರ್ ಬಿಚ್ಚಿದೆ. ಅರ್ಧ ಕೂಲೆಂಟ್ ನೆಲಕ್ಕೆ, ಸ್ವಲ್ಪ ನನ್ನ ತೋಳಿಗೆ. ಹೊಸದನ್ನು ಡಬ್ಬಿಯಿಂದ ತೆಗೆದು, ಹಾಕುವ ಮೊದಲು ಸುಮ್ನೆ ಒಂದ್ಸಲ ನೋಡೋಣ ಎಂದು ಬೆಂಚ್ ಮೇಲಿಟ್ಟು ಸ್ವಿಚ್ ಒತ್ತಿದೆ. ಕೆಲವೇ ಸೆಕೆಂಡ್. ಕೆಂಪಗಾಯಿತು, ಚಟ್ ಅಂತು, ಸುಟ್ಟ ವಾಸನೆ. ನೀರು ಕಾಯಿಸುವ ಕಾಯಿಲನ್ನು ಬಕೆಟ್ಟಿನಿಂದ ಹೊರಗಿಟ್ಟು ಸ್ವಿಚ್ ಹಾಕಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಅಲ್ವಾ? ನನಗೂ ಗೊತ್ತಿತ್ತು!

ಹಿರಿಯ ಮೆಕ್ಯಾನಿಕ್ ಬಯ್ಯಲಿಲ್ಲ. ಹಳೆ ಹೀಟರ್ ಎತ್ತಿಕೊಂಡು ಮಲ್ಟಿಮೀಟರ್ ಇಟ್ಟರು. 53 ಓಮ್. 230 ವೋಲ್ಟ್‌ನ 1000 ವ್ಯಾಟ್ ಹೀಟರ್‌ಗೆ ಅಷ್ಟೇ ಇರಬೇಕು. ಆಮೇಲೆ ಹೀಟರ್ ಪಿನ್‌ಗಳಿಗೆ ಸಿಕ್ಕಿಸುವ ವೈರಿನ ತುದಿ ತೋರಿಸಿದರು. ಒಂದು ತೂತು ಕಪ್ಪಾಗಿತ್ತು, ಪ್ಲಾಸ್ಟಿಕ್ ಕರಗಿತ್ತು. "ಮೊದ್ಲು ವೈರ್ ನೋಡ್ಬೇಕಿತ್ತಲ್ವೇನೋ?"

ಹಳೆ ಹೀಟರ್‌ಗೇ ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಹೊಸ ವೈರ್ ಹಾಕಿ ಕೂರಿಸಿದೆವು. ಕೂಲೆಂಟ್ ತುಂಬಿದ ಕೂಡಲೇ ಪ್ಲಗ್ ಹಾಕಲು ಹೋದೆ, ಅವರು ಕೈ ಹಿಡಿದರು. ಹೀಟರ್ ಸುತ್ತ ಗಾಳಿ ನಿಂತಿದ್ದರೆ ಬೆಂಚ್ ಮೇಲೆ ಆದದ್ದೇ ಒಳಗೂ ಆಗುತ್ತದೆ. ಹಾಗಾಗಿ ಬೇರೆ ಬ್ಯಾಟರಿ ತಗುಲಿಸಿ ಇಂಜಿನ್ ಓಡಿಸಿ ಗಾಳಿ ಹೊರಬಿಟ್ಟು, ತಣ್ಣಗಾದ ಮೇಲೆ ಕೂಲೆಂಟ್ ಮತ್ತೆ ಭರ್ತಿ ಮಾಡಿ, ಆಮೇಲೆ ಪ್ಲಗ್.

ಈಗ ಡ್ರೈವರ್‌ಗಳಿಗೆ ಟೈಮರ್ ಹಾಕಿ ಎನ್ನುತ್ತೇನೆ. ಸಾಮಾನ್ಯವಾಗಿ ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಸಾಕು, ರಾತ್ರಿಯೆಲ್ಲ ಉರಿಸಿದರೆ ಕರೆಂಟ್ ದಂಡ. ಎಕ್ಸ್‌ಟೆನ್ಷನ್ ವೈರ್ ದಪ್ಪನೆಯದು, ಅರ್ಥಿಂಗ್ ಇರುವುದೇ ಬೇಕು. ಪ್ಲಗ್ ಕೀಳದೆ ಗಾಡಿ ಹೊರಡಿಸಿದವರನ್ನೂ ನೋಡಿದ್ದೇನೆ. ಅದಕ್ಕೇ ವೈರನ್ನು ಡ್ರೈವರ್ ಬಾಗಿಲ ಕಡೆ ಎಳೆದು ಹಾಕಿಸುತ್ತೇನೆ.

ಬ್ಲಾಕ್ ಕಾಯುತ್ತಿಲ್ಲ ಎಂದು ಗಾಡಿ ಬಂದರೆ ಮೊದಲು ಗೋಡೆಯಿಂದ ಪ್ಲಗ್ ಕಿತ್ತು, ಅದರ ಎರಡು ಪಿನ್‌ಗಳಿಗೆ ಮೀಟರ್ ಹಿಡಿಯುತ್ತೇನೆ. ಓಮ್ ಸರಿಯಿದ್ದರೆ ಗೋಡೆಯ ಸಾಕೆಟ್ ನೋಡುತ್ತೇನೆ. ಪ್ಲಗ್‌ನಲ್ಲಿ ಮೀಟರ್ ಏನೂ ತೋರಿಸದಿದ್ದರೆ ವೈರ್ ತೆಗೆದು ನೇರ ಹೀಟರ್ ಪಿನ್‌ಗಳಿಗೆ. ಅಲ್ಲಿ ಓಮ್ ಬಂದರೆ ವೈರ್ ಸತ್ತಿದೆ. ಆ ಎರಡರಲ್ಲಿ ಯಾವ ಪಿನ್‌ಗಾದರೂ ಬ್ಲಾಕ್‌ಗೂ ನಡುವೆ ಓಮ್ ತೋರಿಸಿದರೆ ಮಾತ್ರ ಹೀಟರ್ ಒಳಗೇ ಕರೆಂಟ್ ಲೀಕ್, ಅದನ್ನು ಮತ್ತೆ ಪ್ಲಗ್ ಹಾಕುವಂತಿಲ್ಲ. ಎಲ್ಲ ಸೇರಿ ಐದು ನಿಮಿಷ. ಒಂದು ಹನಿ ಕೂಲೆಂಟೂ ಚೆಲ್ಲುವುದಿಲ್ಲ.