ಒಂದೂವರೆ ಮೀಟರ್ ಗೋಡೆ

"ನಂಗೆ ಆಡಕ್ಕೆ ಬರಲ್ಲ, ಬಿಡು ಮಾಮ."

ಅಕ್ಕನ ಮಗ ಭಾನುವಾರ ಹೇಳಿದ ಈ ಮಾತು ವಾರವಿಡೀ ಕಿವಿಯಲ್ಲೇ ಇದೆ. ನಾವು ಮಾಡುತ್ತಿರುವ ಪಿಸಿ ಗೇಮ್‌ನ ಟೆಸ್ಟ್ ಬಿಲ್ಡ್ (ಆಡಿ ನೋಡಲು ಕೊಡುವ ಕಚ್ಚಾ ಪ್ರತಿ) ಅವನಿಗೆ ಕೊಟ್ಟಿದ್ದೆ. ಎರಡನೇ ಲೆವೆಲ್‌ನಲ್ಲಿ ಒಂದು ಗೋಡೆ ಬರುತ್ತೆ. ಎತ್ತರ ಒಂದೂವರೆ ಮೀಟರ್. ಆಫೀಸಿನಲ್ಲಿ ಎಲ್ಲರೂ ಸಲೀಸಾಗಿ ಹತ್ತುತ್ತಾರೆ. ಇವನು ಓಡಿ ಬಂದು ಜಿಗಿಯುತ್ತಾನೆ, ಕಾಲು ಇನ್ನೇನು ಅಂಚಿಗೆ ತಾಗಬೇಕು, ಅಷ್ಟರಲ್ಲಿ ಕೆಳಗೆ. ಮತ್ತೆ ಜಿಗಿತ, ಮತ್ತೆ ಕೆಳಗೆ. ಇವನು ಹಠದ ಹುಡುಗ, ಹಿಡಿದದ್ದನ್ನು ಸುಲಭಕ್ಕೆ ಬಿಡುವವನಲ್ಲ. ಅಂಥವನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದ.

ನನ್ನ ಕಣ್ಣು ಮೂಲೆಯಲ್ಲಿದ್ದ ಅಂಕಿಯ ಮೇಲಿತ್ತು. ಅವನ ಹಳೇ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಸೆಕೆಂಡಿಗೆ 20 ಫ್ರೇಮ್ ಓಡುತ್ತಿತ್ತು, ಅಂದರೆ ಸ್ಕ್ರೀನ್ ಮೇಲಿನ ಚಿತ್ರ ಸೆಕೆಂಡಿಗೆ 20 ಸಲ ಮಾತ್ರ ಬದಲಾಗುತ್ತಿತ್ತು.

ಸೋಮವಾರ ಆಫೀಸಿನ ಮಷೀನನ್ನೂ 20 ಫ್ರೇಮ್‌ಗೆ ಕಟ್ಟಿಹಾಕಿ ಜಿಗಿದೆ. ಅದೇ ಗೋಡೆ, ನಾನೂ ಕೆಳಗೆ. ಜಿಗಿತದ ಕೋಡ್ ಬರೆದವರು ಕೆಲಸ ಬಿಟ್ಟು ಬಹಳ ಕಾಲವಾಯಿತು. ಅದರಲ್ಲಿ ಡೆಲ್ಟಾ ಟೈಮ್ ಗುಣಾಕಾರ (ಹಿಂದಿನ ಫ್ರೇಮ್‌ನಿಂದ ಕಳೆದ ಸಮಯದಿಂದ ಗುಣಿಸೋದು) ಇದ್ದೇ ಇತ್ತು, ಹಾಗಾಗಿ ಫ್ರೇಮ್ ರೇಟ್ ತೊಂದರೆ ಇಲ್ಲ ಅಂತ ಎಲ್ಲರೂ ನಂಬಿದ್ದರು. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತೆ. ಜಿಗಿಯುವಾಗಿನ ವೇಗ ಸೆಕೆಂಡಿಗೆ 8 ಮೀಟರ್. ಗುರುತ್ವ 20 (ನಿಜವಾದ 9.8 ಇಟ್ಟರೆ ಪಾತ್ರ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತೆ, ಅದಕ್ಕೇ ಜಾಸ್ತಿ). ಪ್ರತಿ ಫ್ರೇಮ್‌ನಲ್ಲೂ ಕೋಡ್ ಮೊದಲು ವೇಗ ಕಳೆಯುತ್ತೆ, ಆಮೇಲೆ ಪಾತ್ರವನ್ನು ಮೇಲೆತ್ತುತ್ತೆ. 20 ಫ್ರೇಮ್‌ನಲ್ಲಿ ವೇಗ 7, 6, 5, 4, 3, 2, 1 ಅಂತ ಇಳಿಯುತ್ತೆ. ಕೂಡಿದರೆ 28. ಒಂದು ಫ್ರೇಮ್ ಅಂದರೆ 0.05 ಸೆಕೆಂಡ್. ಗುಣಿಸಿದರೆ 1.4 ಮೀಟರ್, ಅಷ್ಟೇ. 60 ಫ್ರೇಮ್‌ನಲ್ಲಿ ಅದೇ ಕೋಡ್ 1.53 ಮೀಟರ್ ಎತ್ತುತ್ತೆ. ಗೋಡೆ 1.5. ಹುಡುಗ ಎಷ್ಟೇ ಚೆನ್ನಾಗಿ ಆಡಿದ್ದರೂ ಅದನ್ನು ಹತ್ತೋದು ಸಾಧ್ಯವೇ ಇರಲಿಲ್ಲ.

"ನಂಗೆ ಆಡಕ್ಕೆ ಬರಲ್ಲ." ಅವನು ಬಟನ್ ಒತ್ತಿದ ಸಮಯ ಸರಿಯಾಗೇ ಇತ್ತು!

ನಮ್ಮ ತಂಡದ ಲೀಡ್‌ಗೆ ತೋರಿಸಿದೆ. "ಕನಿಷ್ಠ 60 ಫ್ರೇಮ್ ಬೇಕು ಅಂತ ಬರೆದುಬಿಡೋಣ, ಮುಗೀತಲ್ಲ" ಅಂದರು. ಒಳ್ಳೆಯ ಮನುಷ್ಯ, ರಿಲೀಸ್ ಹತ್ತಿರ ಬಂದಿದೆ, ಅವರ ತಲೆಬಿಸಿ ನನಗೂ ಗೊತ್ತು. ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ಹೊಸ ಮಷೀನ್ ಕೊಳ್ಳಲಾಗದವನು ಆಟದಲ್ಲಿ ಸೋಲಲೇಬೇಕಾ?

ಇಂಥ ಬಗ್ ದೊಡ್ಡ ಗೇಮ್‌ಗಳನ್ನೂ ಬಿಟ್ಟಿಲ್ಲ. 2011ರ ಸ್ಕೈರಿಮ್‌ನಲ್ಲಿ ಫ್ರೇಮ್ ರೇಟ್ 60 ದಾಟಿದರೆ ಮನೆಯೊಳಗಿನ ತಟ್ಟೆ ಬಟ್ಟಲು ತಾವಾಗೇ ಹಾರಾಡುತ್ತಿದ್ದವು. ಡಾರ್ಕ್ ಸೋಲ್ಸ್ 2ರಲ್ಲಿ 60 ಫ್ರೇಮ್‌ನಲ್ಲಿ ಆಡಿದರೆ ಆಯುಧ 30ರಲ್ಲಿ ಸವೆಯುವುದಕ್ಕಿಂತ ಎರಡು ಪಟ್ಟು ಬೇಗ ಸವೆಯುತ್ತಿತ್ತು. ಅದು ಸರಿಹೋಗಿದ್ದು 2015ರಲ್ಲಿ. ಈ ಎರಡೂ ವೇಗದ ಮಷೀನ್‌ಗಳಲ್ಲಿ ಕಾಣಿಸಿಕೊಂಡವು. 144 ಹರ್ಟ್ಸ್ ಮಾನಿಟರ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ಇರುವವನು ವಿಡಿಯೋ ಸಮೇತ ಬಗ್ ರಿಪೋರ್ಟ್ ಕಳಿಸುತ್ತಾನೆ. 20 ಫ್ರೇಮ್‌ನವನು ಏನೂ ಬರೆಯಲ್ಲ. ತಪ್ಪು ತನ್ನದೇ ಅಂದುಕೊಂಡು ಸುಮ್ನೆ ಎದ್ದು ಹೋಗುತ್ತಾನೆ. ನನ್ನ ಎದುರಿಗೇ ಎದ್ದು ಹೋಗಿದ್ದಕ್ಕೆ ಇದು ಸಿಕ್ಕಿತು.

ಚಲನೆಯ ಲೆಕ್ಕವನ್ನು ಚಿತ್ರದಿಂದ ಬೇರ್ಪಡಿಸಿದೆ. ಸ್ಕ್ರೀನ್ ಹೇಗಾದರೂ ಓಡಲಿ, ಲೆಕ್ಕ ಮಾತ್ರ ಸೆಕೆಂಡಿಗೆ 60 ಸಲ. ನಿಧಾನದ ಲ್ಯಾಪ್‌ಟಾಪ್‌ನಲ್ಲಿ ಒಂದು ಫ್ರೇಮ್‌ಗೆ ಮೂರು ಸಲ ನಡೆಯುತ್ತೆ. 144ರಲ್ಲಿ ಕೆಲವು ಫ್ರೇಮ್‌ಗೆ ಲೆಕ್ಕವೇ ಇರಲ್ಲ, ಆಗ ಹಿಂದಿನ ಎರಡು ಜಾಗಗಳ ನಡುವೆ ಪಾತ್ರವನ್ನು ಬಿಡಿಸಬೇಕು, ಇಲ್ಲದಿದ್ದರೆ ನಡುಗುತ್ತೆ. ಈಗ ಜಿಗಿತ ಎಲ್ಲ ಕಡೆ 1.53.

ಗುರುವಾರ ರಾತ್ರಿ ಫೋನ್ ಮಾಡಿದೆ. "ತಪ್ಪು ನಿಂದಲ್ಲ ಕಣೋ, ನಮ್ಮ ಗೇಮ್‌ದು."

ಸ್ವಲ್ಪ ಹೊತ್ತು ಮಾತಿಲ್ಲ. "ಹಂಗಾದ್ರೆ ಬೇರೆ ಗೇಮ್‌ಗಳಲ್ಲೂ ಹಿಂಗೇ ಆಗಿತ್ತಾ ಮಾಮ?"

ಆಗಿರಬಹುದು ಅಂದೆ. ಅವನು ಬಿಟ್ಟುಬಿಟ್ಟ ಗೇಮ್‌ಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದ. ಪ್ರತಿ ಬಿಲ್ಡನ್ನೂ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ ಆಡಿ ನೋಡಬೇಕು ಅಂತ ಲೀಡ್‌ಗೆ ಕೇಳಿದ್ದೇನೆ. ರಿಲೀಸ್ ಆದ ಮೇಲೆ ನೋಡೋಣ ಅಂದಿದ್ದಾರೆ. ಮುಂದಿನ ಸೋಮವಾರದ ಮೀಟಿಂಗ್‌ನಲ್ಲಿ ಮತ್ತೆ ಎತ್ತುತ್ತೇನೆ.