ವಾರಿಕ್‌ನಿಂದ ಟ್ಯೂಕ್ಸ್‌ಬರಿಗೆ: ಬೀಚಮ್ ಮನೆತನದ ಸಮಾಧಿಗಳನ್ನು ಅರಸಿ ಎರಡು ದಿನ

ಇಂಗ್ಲೆಂಡಿನ ವಾರಿಕ್ ಪಟ್ಟಣಕ್ಕೆ ಹೋಗುವವರಲ್ಲಿ ಹೆಚ್ಚಿನವರು ಅಲ್ಲಿನ ಕೋಟೆಯನ್ನು ನೋಡಿ ಸಂಜೆಯ ರೈಲಿಗೆ ಹಿಂದಿರುಗುತ್ತಾರೆ. ಐದು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ಕಳೆದ ವಸಂತದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗಳ ಮನೆಯಲ್ಲಿ ಉಳಿದುಕೊಂಡಿದ್ದಾಗ, ಆ ಕೋಟೆಯ ಒಡೆಯನಾಗಿದ್ದ ರಿಚರ್ಡ್ ಬೀಚಮ್ ಎಂಬ ಸೇನಾನಿಯ ಕುರಿತು ಓದಿಕೊಂಡು ಎರಡನೆಯ ಬಾರಿ ಹೊರಟೆ. ಈ ಸಲ ಕೋಟೆಗಿಂತ ಸಮಾಧಿಗಳೇ ನನ್ನ ಗುರಿಯಾಗಿದ್ದವು. ಅವನ ಕುಟುಂಬದ ಕಥೆಯನ್ನು ಅರಿಯಬೇಕೆಂದರೆ ಒಂದು ಊರು ಸಾಲದು, ಎರಡು ಊರುಗಳು ಬೇಕು. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುವುದು ಒಳ್ಳೆಯದು.

1437ರಲ್ಲಿ ರಿಚರ್ಡನನ್ನು ಫ್ರಾನ್ಸಿನಲ್ಲಿ ಇಂಗ್ಲೆಂಡಿನ ಅರಸನ ಪ್ರತಿನಿಧಿಯನ್ನಾಗಿ ನೇಮಿಸಲಾಯಿತು. ಹೆಂಡತಿ ಇಸಬೆಲ್ ಮತ್ತು ಹನ್ನೆರಡು ವರ್ಷದ ಮಗ ಹೆನ್ರಿಯೊಂದಿಗೆ ಅವನು ಹಡಗನ್ನೇರಿದಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಹಡಗು ಮುಳುಗಿದರೂ ತಮ್ಮ ಶವಗಳನ್ನು ಕಂಡವರು ಲಾಂಛನದಿಂದ ಗುರುತು ಹಿಡಿದು ಒಟ್ಟಿಗೆ ಹೂಳಲೆಂದು, ಅವನು ಮೂವರನ್ನೂ ಹಾಯಿ ಕಟ್ಟುವ ಕೂವೆಮರಕ್ಕೆ ಕಟ್ಟಿಸಿದನೆಂಬ ಕಥೆಯನ್ನು ಮನೆತನದ ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. ಹಡಗು ಕ್ಷೇಮವಾಗಿ ದಡ ಸೇರಿತು. ಆದರೆ ಕೊನೆಗೆ ಅವರು ಒಟ್ಟಿಗೆ ಮಣ್ಣಾಗಲಿಲ್ಲ. ತಂದೆ ವಾರಿಕ್‌ನಲ್ಲಿದ್ದಾನೆ, ತಾಯಿ ಮತ್ತು ಮಗ ಟ್ಯೂಕ್ಸ್‌ಬರಿಯಲ್ಲಿದ್ದಾರೆ.

ಲಂಡನ್ನಿನಿಂದ ಬರುವವರು ಮಾರ್ಲಿಬೋನ್ ನಿಲ್ದಾಣದಿಂದ ರೈಲು ಹಿಡಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ವಾರಿಕ್ ತಲುಪಬಹುದು. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ: ಈ ಊರಿನ ಹೆಸರಿನಲ್ಲಿ ಎರಡು ನಿಲ್ದಾಣಗಳಿವೆ. ವಾರಿಕ್ ಪಾರ್ಕ್‌ವೇ ಎಂಬುದು ಊರ ಹೊರಗಿದೆ. ತಿಳಿಯದೆ ಅಲ್ಲಿ ಇಳಿದ ನಾನು ಜಿಟಿಜಿಟಿ ಮಳೆಯಲ್ಲಿ ಅರ್ಧ ಗಂಟೆ ನಡೆಯಬೇಕಾಯಿತು. ಬರಿಯ ವಾರಿಕ್ ಎಂಬ ನಿಲ್ದಾಣದಲ್ಲಿ ಇಳಿದರೆ ಸೇಂಟ್ ಮೇರಿ ಚರ್ಚು ಕಾಲ್ನಡಿಗೆಯ ದೂರದಲ್ಲಿಯೇ ಇದೆ. ದಾರಿ ಕೇಳುವಾಗ ಮನೆತನದ ಹೆಸರನ್ನು ಅಕ್ಷರಗಳಲ್ಲಿ ಕಂಡಂತೆ ಫ್ರೆಂಚ್ ಬಗೆಯಲ್ಲಿ ಉಚ್ಚರಿಸಬೇಡಿ, ಆಂಗ್ಲರ ಬಾಯಲ್ಲಿ ಅದು ಬೀಚಮ್.

ಬೆಳಿಗ್ಗೆ ಮೊದಲು ಚರ್ಚಿಗೆ ಹೋಗಿ, ಕೋಟೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಮುಖ್ಯ ಸಲಹೆ. ಚರ್ಚಿನೊಳಗೆ ರಿಚರ್ಡನ ಸಮಾಧಿಯಿರುವ ಬೀಚಮ್ ಪ್ರಾರ್ಥನಾಮಂದಿರದ ದೊಡ್ಡ ಬಣ್ಣದ ಗಾಜಿನ ಕಿಟಕಿ ಪೂರ್ವಕ್ಕಿರುವುದರಿಂದ ಬೆಳಗಿನ ಬೆಳಕಿನಲ್ಲಿಯೇ ಅದರ ಸೊಗಸು ಕಾಣುತ್ತದೆ. ಭಾನುವಾರ ಮುಂಜಾನೆ ಪೂಜಾವಿಧಿಗಳಿರುವುದರಿಂದ ಬೇರೆ ದಿನವನ್ನು ಆರಿಸಿಕೊಳ್ಳುವುದು ಲೇಸು. ಚಿಕ್ಕದೊಂದು ದುರ್ಬೀನು ಜೊತೆಯಲ್ಲಿರಲಿ; ಅದು ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ. 1694ರಲ್ಲಿ ಊರನ್ನೇ ಸುಟ್ಟ ಬೆಂಕಿಗೆ ಈ ಚರ್ಚಿನ ಮುಂಭಾಗ ಮತ್ತು ಗೋಪುರ ಆಹುತಿಯಾದವು. ಈಗ ಕಾಣುವ ಗೋಪುರ ಆಮೇಲೆ ಕಟ್ಟಿದ್ದು. ಪುಣ್ಯಕ್ಕೆ ಬೀಚಮ್ ಮಂದಿರವೂ ಗರ್ಭಗುಡಿಯ ಭಾಗವೂ ಉಳಿದುಕೊಂಡವು. ಗೋಪುರಕ್ಕೆ 134 ಮೆಟ್ಟಿಲುಗಳಿವೆ. ಮಂಡಿನೋವಿನವರು ಆ ಶಕ್ತಿಯನ್ನು ಕೋಟೆಗೆ ಉಳಿಸಿಕೊಳ್ಳಬಹುದು.

ರಿಚರ್ಡ್ 1382ರಲ್ಲಿ ಹುಟ್ಟಿದವನು. ಅವನ ತಂದೆ ಥಾಮಸ್ 1397ರಲ್ಲಿ ಎರಡನೇ ರಿಚರ್ಡ್ ದೊರೆಯ ಕೋಪಕ್ಕೆ ತುತ್ತಾಗಿ ಲಂಡನ್ ಟವರ್‌ನಲ್ಲಿ ಸೆರೆಯಲ್ಲಿದ್ದ. ಅಲ್ಲಿನ ಒಂದು ಬುರುಜಿಗೆ ಬೀಚಮ್ ಟವರ್ ಎಂಬ ಹೆಸರು ಬಂದದ್ದು ಅವನಿಂದಲೇ. ಲಂಡನ್ ನೋಡಿ ಬರುವವರು ಅದನ್ನು ಗಮನಿಸಿರಲಿ. 1401ರಲ್ಲಿ ತಂದೆಯ ನಂತರ ವಾರಿಕ್ ಅರ್ಲ್ ಎಂಬ ಪ್ರಭುಪದವಿಗೆ ಬಂದ ಮಗನು ವೇಲ್ಸ್‌ನ ಬಂಡಾಯದ ವಿರುದ್ಧ ಹೋರಾಡಿದ, 1403ರ ಶ್ರೂಸ್‌ಬರಿ ಕದನದಲ್ಲಿದ್ದ, 1408ರಲ್ಲಿ ಜೆರುಸಲೇಮ್ ಯಾತ್ರೆಗೆ ಹೊರಟ, ಐದನೇ ಹೆನ್ರಿಯೊಂದಿಗೆ ಫ್ರಾನ್ಸಿನಲ್ಲಿ ಯುದ್ಧ ಮಾಡಿದ. 1428ರಲ್ಲಿ ಬಾಲಕ ದೊರೆ ಆರನೇ ಹೆನ್ರಿಯ ಶಿಕ್ಷಣದ ಹೊಣೆಯೂ ಅವನ ಮೇಲೆ ಬಿತ್ತು.

ಮಂದಿರದ ನಡುವೆ ಚಿನ್ನದ ಲೇಪದ ಲೋಹದಲ್ಲಿ ಎರಕ ಹೊಯ್ದ ಅವನ ಪ್ರತಿಮೆ ಮಲಗಿದೆ. ನಾನು ಅದರ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಕೈಗಳ ನರಗಳು ಉಬ್ಬಿರುವುದು, ಕವಚದ ಪಟ್ಟಿಗಳಿಗೆ ಕೊಂಡಿ ಹಾಕಿರುವ ಬಗೆ, ತಲೆಯ ಕೆಳಗಿನ ಶಿರಸ್ತ್ರಾಣದ ಮೇಲಿನ ಹಂಸ, ಕಾಲಬಳಿಯ ಕರಡಿ, ಒಂದೊಂದನ್ನೂ ಬಿಡಿಯಾಗಿ ನೋಡಬೇಕು. ಯಾರ ಕಣ್ಣಿಗೂ ಬೀಳದ ಬೆನ್ನಿನ ಕಡೆಯ ಕವಚವನ್ನೂ ಅಷ್ಟೇ ನಿಷ್ಠೆಯಿಂದ ಮಾಡಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿಮೆಯನ್ನು ಮಗುಚಿ ನೋಡಿದ ಮೇಲೆ ಅದು ಗೊತ್ತಾಯಿತಂತೆ. ಕೈಗಳು ಮುಗಿದಿಲ್ಲ, ನಡುವೆ ತುಸು ಅಂತರವಿಟ್ಟು ಎತ್ತಿವೆ. ದೃಷ್ಟಿ ಎತ್ತ ಇದೆಯೆಂದು ನೋಡಲು ದುರ್ಬೀನು ಬೇಕು: ಚಾವಣಿಯಲ್ಲಿ ಕೆತ್ತಿದ ಮೇರಿಮಾತೆಯ ಮುಖದ ಮೇಲೆ ಅವನು ಕಣ್ಣು ನೆಟ್ಟಿದ್ದಾನೆ. ಹಾಗೆಯೇ ಕಿಟಕಿಗಳ ಮೇಲ್ಭಾಗದಲ್ಲಿ ವಾದ್ಯ ನುಡಿಸುವ ದೇವದೂತರನ್ನೂ ಅವರ ಬಳಿಯ ಸ್ವರಲಿಪಿಯ ಪಟ್ಟಿಗಳನ್ನೂ ಹುಡುಕಿ. ಗಾಜಿನ ಕೆಲಸವನ್ನು ಒಪ್ಪಿಕೊಂಡ ಜಾನ್ ಪ್ರಡ್ ಎಂಬಾತ ಇಂಗ್ಲೆಂಡಿನ ಗಾಜನ್ನು ಬಳಸದೆ ಕಡಲಾಚೆಯ ಗಾಜನ್ನೇ ತರಬೇಕೆಂಬ ಕರಾರು ಇತ್ತು. ಮಂದಿರಕ್ಕೂ ಸಮಾಧಿಗೂ ಸೇರಿ ಆ ಕಾಲದ ಸುಮಾರು 2,480 ಪೌಂಡುಗಳು ಖರ್ಚಾದವು. 1443ರಲ್ಲಿ ಆರಂಭವಾದ ಕೆಲಸ ಇಪ್ಪತ್ತು ವರ್ಷಕ್ಕೂ ಮೀರಿ ನಡೆಯಿತು.

ನಮ್ಮ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುವಂತೆ ಈ ಸಮಾಧಿಯನ್ನು ಪ್ರದಕ್ಷಿಣೆಯಾಗಿ ಓದಬೇಕು. ಪೀಠದ ಸುತ್ತ ಗೂಡುಗಳಲ್ಲಿ ಶೋಕಿಸುತ್ತ ನಿಂತ ಹದಿನಾಲ್ಕು ಪುಟ್ಟ ಮೂರ್ತಿಗಳಿವೆ. ಇವರು ಬೇರೆ ಯಾರೂ ಅಲ್ಲ, ಅವನ ಮಕ್ಕಳು, ಅಳಿಯಂದಿರು, ಸೊಸೆ ಮತ್ತು ಬೀಗರು. ಪಾದದ ಬಳಿಯ ಲಾಂಛನದಿಂದ ಒಬ್ಬೊಬ್ಬರನ್ನು ಗುರುತಿಸಬಹುದು. ಮೊದಲ ಹೆಂಡತಿ ಎಲಿಜಬೆತ್ ಬರ್ಕ್‌ಲಿಯಿಂದ ಮೂವರು ಹೆಣ್ಣುಮಕ್ಕಳು: ಹಿರಿಯವಳು ಮಾರ್ಗರೆಟ್, ಫ್ರೆಂಚರನ್ನು ನಡುಗಿಸಿದ ಜಾನ್ ಟಾಲ್ಬಟ್‌ನ ಹೆಂಡತಿ, ಎಲಿನರ್ ಸಾಮರ್‌ಸೆಟ್‌ನ ಡ್ಯೂಕನ ಹೆಂಡತಿ, ಎಲಿಜಬೆತ್ ಲ್ಯಾಟಿಮರ್ ಪ್ರಭುವಿನ ಹೆಂಡತಿ. ಎರಡನೆಯ ಹೆಂಡತಿ ಇಸಬೆಲ್‌ಳಿಂದ ಮಗ ಹೆನ್ರಿ ಮತ್ತು ಮಗಳು ಆ್ಯನ್. ಈ ಆ್ಯನ್‌ಳ ಗಂಡನೇ ದೊರೆಗಳನ್ನು ಪಟ್ಟಕ್ಕೇರಿಸಿ ಇಳಿಸಿದ ರಿಚರ್ಡ್ ನೆವಿಲ್. ಪೀಠದಲ್ಲಿ ಇವರೆಲ್ಲ ಸಾಲಾಗಿ ತಲೆ ತಗ್ಗಿಸಿ ನಿಂತಿದ್ದರೂ, ಜೀವಂತವಾಗಿದ್ದಾಗ ಆಸ್ತಿಗಾಗಿ ಕಚ್ಚಾಡಿದವರೇ. ಹೆನ್ರಿ 1446ರಲ್ಲಿ 21ನೆಯ ವಯಸ್ಸಿನಲ್ಲಿ ತೀರಿಕೊಂಡ, ಅವನ ಪುಟ್ಟ ಮಗಳು 1449ರಲ್ಲಿ ತೀರಿಕೊಂಡಳು. ಆಗ ಒಡಹುಟ್ಟಿದ ತಂಗಿಯೆಂಬ ಕಾರಣಕ್ಕೆ ಆ್ಯನ್‌ಳ ಕೈಗೆ ಸಂಪತ್ತು ಹೋದದ್ದನ್ನು ಮಲ ಅಕ್ಕಂದಿರು ಒಪ್ಪಲಿಲ್ಲ.

ಸಮಾಧಿಯ ಅಂಚಿನ ಬರಹ ಲ್ಯಾಟಿನ್ನಿನಲ್ಲಿರದೆ ಆ ಕಾಲದ ಇಂಗ್ಲಿಷಿನಲ್ಲಿದೆ, ನಡುನಡುವೆ ಮನೆತನದ ಲಾಂಛನವಾದ ಪುಟ್ಟ ಕರಡಿಗಳು ಕೂತಿವೆ. ಫ್ರಾನ್ಸಿನ ರೂಆನ್ ಕೋಟೆಯಲ್ಲಿ ದೀರ್ಘ ಕಾಯಿಲೆಯಿಂದ 1439ರ ಏಪ್ರಿಲ್ ಕೊನೆಯ ದಿನ ತೀರಿಕೊಂಡನೆಂದು ಅದು ಹೇಳುತ್ತದೆ. ಅದು ಹೇಳದಿರುವುದೊಂದಿದೆ: 1431ರಲ್ಲಿ ಜೋನ್ ಆಫ್ ಆರ್ಕ್‌ಳನ್ನು ಅದೇ ಕೋಟೆಯಲ್ಲಿ ಸೆರೆಯಿಟ್ಟು ವಿಚಾರಣೆಗೆ ಒಳಪಡಿಸಿದಾಗ ಅಲ್ಲಿನ ಅಧಿಕಾರಿ ಇವನೇ ಆಗಿದ್ದ. ಇಷ್ಟು ಸೌಮ್ಯವಾದ ಮುಖವನ್ನು ನೋಡುತ್ತ ಅದನ್ನು ಮರೆಯುವುದು ನನಗೆ ಸಾಧ್ಯವಾಗಲಿಲ್ಲ.

ಹೊರಡುವ ಮುನ್ನ ಗರ್ಭಗುಡಿಯಲ್ಲಿ ಅವನ ಅಜ್ಜ ಥಾಮಸ್ ಮತ್ತು ಅಜ್ಜಿ ಕ್ಯಾಥರೀನ್ ಕೈ ಹಿಡಿದುಕೊಂಡು ಮಲಗಿರುವ ಕಲ್ಲಿನ ಪ್ರತಿಮೆಗಳನ್ನು ತಪ್ಪಿಸಬೇಡಿ. ಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಈಗ ಮಕ್ಕಳ ಆಟ ಪ್ರದರ್ಶನಗಳ ತಾಣವಾಗಿದೆ. ಚರಿತ್ರೆಗಾಗಿ ಹೋಗುವವರಿಗೆ ಬೀಚಮರು ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿಸಿದ ಸೀಸರ್ ಮತ್ತು ಗೈ ಎಂಬ ಎರಡು ಬುರುಜುಗಳೇ ಸಾಕು. ಟಿಕೆಟನ್ನು ಮುಂಚಿತವಾಗಿ ಕಾದಿರಿಸಿಕೊಂಡು ಹೋಗಿ.

ಮರುದಿನ ಟ್ಯೂಕ್ಸ್‌ಬರಿ. ಕಾರಿದ್ದರೆ ಸುಮಾರು ಒಂದು ಗಂಟೆಯ ದಾರಿ. ರೈಲಿನಲ್ಲಾದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಬದಲಾಯಿಸಿ ಆ್ಯಶ್‌ಚರ್ಚ್‌ನಲ್ಲಿ ಇಳಿಯಬೇಕು; ಅಲ್ಲಿಂದ ಊರು ಸುಮಾರು ಮೂರು ಕಿಲೋಮೀಟರ್. ಇಲ್ಲಿನ ಕ್ರೈಸ್ತ ಮಠವನ್ನು ಎಂಟನೇ ಹೆನ್ರಿ ಮುಚ್ಚಿಸಿದಾಗ ಊರಿನ ಜನ 453 ಪೌಂಡು ಕೊಟ್ಟು ಅದರ ಭವ್ಯ ಚರ್ಚನ್ನು ಕೊಂಡು ಉಳಿಸಿಕೊಂಡರು. ಒಳಗೆ ಇಸಬೆಲ್ ತನ್ನ ಮೊದಲ ಗಂಡನಿಗಾಗಿ ಕಟ್ಟಿಸಿದ ಎರಡಂತಸ್ತಿನ ಕುಸುರಿ ಕೆಲಸದ ಪುಟ್ಟ ಗುಡಿಯಿದೆ. ಓದುವವರನ್ನು ಗೊಂದಲಕ್ಕೆ ಕೆಡವುವ ಸಂಗತಿಯೆಂದರೆ ಆ ಮೊದಲ ಗಂಡನ ಹೆಸರೂ ರಿಚರ್ಡ್ ಬೀಚಮ್, ನಮ್ಮ ಸೇನಾನಿಯ ದಾಯಾದಿ. ಎರಡನೆಯ ಗಂಡ ತೀರಿದ ಎಂಟು ತಿಂಗಳಿಗೆ ಅವಳೂ ತೀರಿಕೊಂಡಳು. ತನ್ನ ಪ್ರತಿಮೆ ಬೆತ್ತಲೆಯಾಗಿರಬೇಕು, ತಲೆಗೂದಲನ್ನು ಹಿಂದಕ್ಕೆ ಚೆಲ್ಲಿರಬೇಕು ಎಂದು ಉಯಿಲಿನಲ್ಲಿ ಬರೆಸಿದ್ದಳು. ಆ ಪ್ರತಿಮೆ ಈಗ ಇಲ್ಲ.

1471ರ ಮೇ 4ರಂದು ಈ ಊರಿನ ಹೊಲಗಳಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಕಾಳಗದಲ್ಲಿ ಸೋತ ಸೇನಾಪತಿ, ಎಲಿನರ್‌ಳ ಮಗ ಎಡ್ಮಂಡ್ ಬ್ಯೂಫರ್ಟ್‌. ಅವನ ತಲೆ ಹೊಡೆಸಿ ಈ ಚರ್ಚಿನಲ್ಲಿಯೇ ಹೂಳಿದರು. ಆ್ಯನ್‌ಳ ಮಗಳು ಇಸಬೆಲ್ ನೆವಿಲ್ ಕೂಡ ಬಲಿಪೀಠದ ಹಿಂದಿನ ನೆಲಮಾಳಿಗೆಯಲ್ಲಿ ಗಂಡ ಕ್ಲಾರೆನ್ಸ್‌ನ ಡ್ಯೂಕನೊಂದಿಗೆ ಇದ್ದಾಳೆ. ಆ್ಯನ್ ಮಾತ್ರ ಬದುಕಿದ್ದಳು; ಆದರೆ ಅಳಿಯಂದಿರಿಬ್ಬರೂ ಅವಳ ಆಸ್ತಿಯನ್ನು ಹಂಚಿಕೊಳ್ಳಲು ಅನುವಾಗುವಂತೆ, ಅವಳು ಸತ್ತಿದ್ದಾಳೆಂದೇ ಭಾವಿಸತಕ್ಕದ್ದೆಂದು 1474ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಅವಳು ಮುಂದೆ 18 ವರ್ಷ ಬದುಕಿದಳು.

ಕೂವೆಮರಕ್ಕೆ ಕಟ್ಟಿಸಿಕೊಂಡಿದ್ದ ಆ ಹುಡುಗ ಹೆನ್ರಿಯನ್ನು ಹೂಳಿರುವುದು ಗಾಯಕರ ಪೀಠಗಳ ನಡುವಿನ ನೆಲದಲ್ಲಿ. ತಂದೆಯದರಂತೆ ಚಿನ್ನದ ಪ್ರತಿಮೆಯನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾಗುತ್ತದೆ. ಆದ್ದರಿಂದ ಒಳಗಿರುವ ಸ್ವಯಂಸೇವಕರನ್ನು ಕೇಳಿ ಜಾಗವನ್ನು ತೋರಿಸಿಕೊಳ್ಳಿ. ಆ್ಯಶ್‌ಚರ್ಚ್‌ನಲ್ಲಿ ನಿಲ್ಲುವ ರೈಲುಗಳು ಕಡಿಮೆ, ಹಿಂದಿರುಗುವ ವೇಳೆಯನ್ನು ಇಳಿದ ಕೂಡಲೇ ಬರೆದಿಟ್ಟುಕೊಳ್ಳಿ.