ಹುಲಿ ಬೇಡಪ್ಪ, ಆನೆ ತೋರ್ಸು

ಏಪ್ರಿಲ್ 16, 2025, ಬುಧವಾರ
ಅಂತರಸಂತೆ, ಎಚ್.ಡಿ. ಕೋಟೆ ತಾಲ್ಲೂಕು

ಇವತ್ತು ಮಧ್ಯಾಹ್ನ ದೊಡ್ಡಪ್ಪನ ಜೊತೆ ದಮ್ಮನಕಟ್ಟೆಯಲ್ಲಿ ಸಫಾರಿ ಜೀಪ್ ಹತ್ತಿದೆ. ಈ ಬಿಸಿಲಲ್ಲಿ ಎಪ್ಪತ್ತು ದಾಟಿದವರನ್ನು ಕಾಡಿಗೆ ಕರೆದುಕೊಂಡು ಹೋಗ್ತೀಯಾ ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದರು. ಆದರೆ ಕಬಿನಿ ಹಿನ್ನೀರಿನಲ್ಲಿ ಆನೆ ನೋಡಬೇಕು ಅಂದ್ರೆ ಬೇಸಿಗೆಯಲ್ಲೇ ಬರಬೇಕು. ಕಾಡಿನ ಒಳಗಿನ ಕೆರೆ, ಹಳ್ಳ ಈಗ ಬತ್ತಿರುತ್ತವೆ. ಅದೇ ಹೊತ್ತಿಗೆ ಜಲಾಶಯದ ನೀರು ಕೆಳಗಿಳಿದು, ಮುಳುಗಿದ್ದ ನೆಲ ಮೇಲೆ ಬಂದು, ಅದರ ತುಂಬಾ ಎಳೆ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರ, ಆಚೆ ವಯನಾಡಿನ ಕಾಡುಗಳಿಂದ ಆನೆ ಹಿಂಡುಗಳು ಈ ಹುಲ್ಲಿಗೂ ನೀರಿಗೂ ಇಳಿದು ಬರುತ್ತವೆ. ಇಷ್ಟು ಕಾಡಾನೆಗಳು ಒಟ್ಟಿಗೆ ಸೇರುವ ಜಾಗ ಏಷ್ಯಾದಲ್ಲೇ ಕಡಿಮೆ. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಹುಲ್ಲೆಲ್ಲ ನೀರಿನಡಿಗೆ ಹೋಗುತ್ತದೆ, ಆನೆಗಳು ಕಾಡಿನೊಳಗೆ ಚದುರುತ್ತವೆ.

ಜೀಪಿನಲ್ಲಿ ನಮ್ಮ ಜೊತೆ ಬೆಂಗಳೂರಿನ ಒಂದು ಕುಟುಂಬ ಇತ್ತು. ಗಂಡ, ಹೆಂಡತಿ, ಹತ್ತು ವರ್ಷದ ಮಗ. ಕೆಳಗೆ ಇಳಿಯಬಾರದು, ಕೂಗಬಾರದು, ಏನನ್ನೂ ಎಸೆಯಬಾರದು ಎಂದು ಡ್ರೈವರ್ ಹೇಳಿ ಮುಗಿಸುವ ಮೊದಲೇ ಹುಡುಗ ಕೇಳಿದ: "ಅಂಕಲ್, ಹುಲಿ ಸಿಗುತ್ತಾ?"

"ನೋಡೋಣ ಪುಟ್ಟ" ಅಂದರು ಅವರು. ಹಿಂದೆ ಕೂತಿದ್ದ ದೊಡ್ಡಪ್ಪ, "ನಂಗೆ ಹುಲಿ ಬೇಡಪ್ಪ, ಆನೆ ತೋರ್ಸು" ಅಂದರು. ಡ್ರೈವರ್ ತಿರುಗಿ ನೋಡಿದರು. "ತೋರಿಸ್ತೀನಿ ಯಜಮಾನ್ರೆ. ಹುಲಿ ಜಾಗಕ್ಕೆ ಒಂದ್ಸಲ ಹೋಗ್ಬುಟ್ಟು, ಆಮೇಲೆ ನೀರಿನ ಕಡೆ ಹೋಗೋಣ."

ಗೇಟು ದಾಟಿದ ಮೇಲೆ ತೇಗದ ಮರಗಳು. ಎಲೆ ಉದುರಿಸಿ ಒಣಗಿದ ಹಾಗೆ ನಿಂತಿದ್ದವು. ಅಲ್ಲಲ್ಲಿ ಮತ್ತಿ ಮರ, ತೊಗಟೆಯೆಲ್ಲ ಚೌಕ ಚೌಕವಾಗಿ ಸೀಳಿಕೊಂಡಿತ್ತು. ಕಕ್ಕೆ ಮರ ಮಾತ್ರ ಹಳದಿ ಹೂ ಇಳಿಬಿಟ್ಟುಕೊಂಡಿತ್ತು. ಅದರ ಕೆಳಗೆ ನೋಡಿದರೆ ಬೇಜಾರಾಗುತ್ತದೆ. ಎಲ್ಲಿ ನೋಡಿದರೂ ಲಂಟಾನ. ಹುಲ್ಲು ಬೆಳೆಯಬೇಕಾದ ಜಾಗವನ್ನೆಲ್ಲ ಈ ಪೊದೆ ನುಂಗಿಬಿಟ್ಟಿದೆ. ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಲಂಟಾನದಲ್ಲಿ ಅದರ ಹೊಟ್ಟೆ ತುಂಬುವುದಿಲ್ಲ.

ಒಂದು ಕಡೆ ಮುಸುವ ಕೂಗಿತು, ಜೊತೆಗೆ ಜಿಂಕೆಯೂ ಕೂಗಿತು. ಹುಲಿ ಹತ್ತಿರ ಇದೆ ಅನ್ನುವ ಎಚ್ಚರಿಕೆಯ ಕೂಗು ಅದು. ಕ್ಷಣದಲ್ಲಿ ಎಲ್ಲಿಂದಲೋ ಜೀಪುಗಳು ಬಂದು ಸಾಲಾಗಿ ನಿಂತವು. ತುಂಬಾ ಹೊತ್ತು ಕಾದೆವು. ಹುಲಿ ಹೊರಗೆ ಬರಲಿಲ್ಲ. ನಮ್ಮ ಹಿಂದಿನ ಜೀಪಿನಲ್ಲಿ ಯಾರೋ, "ಛೆ, ಇವತ್ತೂ ಬರೀ ಆನೆ ನೋಡ್ಕೊಂಡು ಹೋಗ್ಬೇಕು" ಅಂದರು. ಇಂಥ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಲಿ ಕಾಣುವ ಆಸೆ ತಪ್ಪಲ್ಲ, ನನಗೂ ಇದೆ. ಆದರೆ ಹುಲಿಯ ಹಿಂದೆ ಓಡುವ ಜೀಪು ಆನೆಯ ಮುಂದೆ ಎರಡು ನಿಮಿಷ ನಿಂತು, ನಾಲ್ಕು ಫೋಟೋ ತೆಗೆದು ಹೊರಟುಬಿಡುತ್ತದೆ. ಆ ಎರಡು ನಿಮಿಷದಲ್ಲಿ ಕಾಣುವುದು ಆನೆಯ ಗಾತ್ರ ಅಷ್ಟೇ. ಅದು ಬದುಕುವ ರೀತಿ ಕಾಣಬೇಕಾದರೆ ಅದರ ಮುಂದೆ ಸುಮ್ನೆ ಕೂತಿರಬೇಕು.

ಇವತ್ತು ಹಾಗೆ ಕೂತಿರುವ ಅವಕಾಶ ಸಿಕ್ಕಿತು.

ಹಿನ್ನೀರಿನ ಅಂಚಿಗೆ ಬಂದಾಗ ಬಿಸಿಲು ಇಳಿದಿತ್ತು. ದೂರದ ದಡದಲ್ಲಿ ಎರಡು ಹಿಂಡು, ನಮ್ಮ ಕಡೆಯ ಹುಲ್ಲಿನಲ್ಲಿ ಒಂದು. ಡ್ರೈವರ್ ಸಾಕಷ್ಟು ದೂರದಲ್ಲೇ ಜೀಪ್ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಹಿಂಡಿನಲ್ಲಿ ಒಂದು ದೊಡ್ಡ ಹೆಣ್ಣಾನೆ ಸ್ವಲ್ಪ ಮುಂದೆ ಇತ್ತು. ಕಿವಿಯ ಅಂಚು ಹರಿದು, ಹಣೆಯ ಮೇಲೂ ಸೊಂಡಿಲ ಮೇಲೂ ತಿಳಿ ಗುಲಾಬಿ ಮಚ್ಚೆ. "ಅದೇ ಯಜಮಾನಿ" ಅಂದರು ಡ್ರೈವರ್. ಹಿಂಡನ್ನು ನಡೆಸುವುದು ಹಿರಿಯ ಹೆಣ್ಣು. ನೀರು ಎಲ್ಲಿದೆ, ಬರಗಾಲದಲ್ಲಿ ಯಾವ ದಾರಿ ಹಿಡಿಯಬೇಕು, ಎಲ್ಲವೂ ಅದರ ನೆನಪಿನಲ್ಲಿರುತ್ತದೆ. ಮಿಕ್ಕವು ಅದರ ಮಕ್ಕಳು, ತಂಗಿಯರು, ಮೊಮ್ಮಕ್ಕಳು. ಗಂಡು ಮರಿಗಳು ಪ್ರಾಯಕ್ಕೆ ಬರುವಾಗ ಹಿಂಡು ಬಿಟ್ಟು ಹೋಗುತ್ತವೆ.

ಅದು ಹುಲ್ಲು ತಿನ್ನುವುದನ್ನೇ ನೋಡುತ್ತಾ ಕೂತೆ. ಮೊದಲು ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡವನ್ನು ಒದ್ದು ಸಡಿಲ ಮಾಡುತ್ತದೆ. ಸೊಂಡಿಲಿನಲ್ಲಿ ಸುತ್ತಿ ಕೀಳುತ್ತದೆ. ಕಿತ್ತ ಕಂತೆಯನ್ನು ನೇರವಾಗಿ ಬಾಯಿಗೆ ಹಾಕುವುದಿಲ್ಲ. ಅಗಸರು ಬಟ್ಟೆ ಒಗೆಯುವ ಹಾಗೆ ತನ್ನ ಮುಂಗಾಲಿಗೆ ಪಟಪಟ ಬಡಿದು, ಬೇರಿನ ಮಣ್ಣು ಉದುರಿದ ಮೇಲೆಯೇ ತಿನ್ನುತ್ತದೆ. ಮಣ್ಣು ಜಾಸ್ತಿ ತಿಂದರೆ ಹಲ್ಲು ಬೇಗ ಸವೆಯುತ್ತದೆ. ಆನೆಗೆ ಜೀವಮಾನದಲ್ಲಿ ಆರು ಸಲ ದವಡೆ ಹಲ್ಲು ಬರುತ್ತದೆ. ಕೊನೆಯದೂ ಸವೆದರೆ ಅಗಿಯಲು ಆಗುವುದಿಲ್ಲ. ಮುದಿ ಆನೆಗಳು ಎಷ್ಟೋ ಸಲ ಸೊರಗಿ ಸಾಯುವುದು ಹಾಗೆಯೇ. ಇದು ಗೊತ್ತಿದ್ದ ಮೇಲೆ ಆ ಪಟಪಟ ಸದ್ದನ್ನು ಬೇರೆ ರೀತಿಯಲ್ಲೇ ಕೇಳುತ್ತೇವೆ.

ಹಿಂಡಿನ ನಡುವೆ ಒಂದು ಮರಿ ಇತ್ತು. ಕೆಲವೇ ತಿಂಗಳದ್ದು, ಅಮ್ಮನ ಹೊಟ್ಟೆಯ ಕೆಳಗೆ ಆರಾಮಾಗಿ ನುಸುಳುತ್ತಿತ್ತು. ಸೊಂಡಿಲು ಇನ್ನೂ ಅದರ ಮಾತು ಕೇಳುತ್ತಿರಲಿಲ್ಲ. ಹುಲ್ಲು ಹಿಡಿಯಲು ಹೋದರೆ ಜಾರುತ್ತಿತ್ತು, ಒಂದು ಸಲ ತಾನೇ ತುಳಿದುಕೊಂಡಿತು. ಹಾಲು ಕುಡಿಯುವಾಗ ಸೊಂಡಿಲನ್ನು ತಲೆಯ ಮೇಲೆ ಎತ್ತಿಟ್ಟುಕೊಂಡು, ಅಮ್ಮನ ಮುಂಗಾಲುಗಳ ನಡುವೆ ಬಾಯಿ ಹಾಕಿತು. ಬೆಂಗಳೂರಿನ ಹುಡುಗ ಅಲ್ಲಿಯವರೆಗೆ ಹುಲಿ ಹುಲಿ ಅನ್ನುತ್ತಿದ್ದವನು, "ಅಮ್ಮಾ, ಸೊಂಡಿಲಿಂದ ಕುಡಿಯಲ್ವಾ?" ಎಂದು ಪಿಸುಗುಟ್ಟಿದ. ಆಮೇಲೆ ಅವನು ಕಣ್ಣು ಕೀಳಲೇ ಇಲ್ಲ. ಆ ಮರಿ ಸುಮಾರು 22 ತಿಂಗಳು ಹೊಟ್ಟೆಯಲ್ಲಿ ಇದ್ದದ್ದು ಎಂದು ಹೇಳಿದೆ. ಅವನಮ್ಮ "ಅಯ್ಯೋ ದೇವರೇ" ಅಂದರು.

ಸ್ವಲ್ಪ ಹೊತ್ತಿಗೆ ಎಡಗಡೆಯ ಮರಗಳಿಂದ ಒಂಟಿ ಸಲಗ ಹೊರಬಂತು. ಕಣ್ಣು ಕಿವಿಗಳ ನಡುವೆ ಕಪ್ಪು ಗೆರೆ ಇಳಿದಿತ್ತು. "ಮದ ಬಂದೈತೆ, ಅಲ್ಲಾಡ್ಬೇಡಿ" ಎಂದು ಡ್ರೈವರ್ ತಕ್ಷಣ ಎಂಜಿನ್ ಶುರು ಮಾಡಿ, ಜೀಪನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ಅದಕ್ಕೆ ದಾರಿ ಬಿಟ್ಟರು. ಸಲಗ ನಮ್ಮ ಕಡೆ ಒಮ್ಮೆ ಸೊಂಡಿಲೆತ್ತಿ ವಾಸನೆ ಹಿಡಿದು, ಹಿಂಡಿನ ಕಡೆ ಹೋಯಿತು. ಅದು ಇನ್ನೂ ದೂರ ಇರುವಾಗಲೇ ಹಿಂಡು ಮರಿಯನ್ನು ನಡುವೆ ಹಾಕಿಕೊಂಡು ಒತ್ತಾಗಿ ನಿಂತಿತ್ತು. ನಮಗೆ ಯಾವ ಕೂಗೂ ಕೇಳಿಸಲಿಲ್ಲ. ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ದನಿಯಲ್ಲಿ ಆನೆಗಳು ಮಾತಾಡಿಕೊಳ್ಳುತ್ತವೆ, ಅದು ಬಹಳ ದೂರಕ್ಕೆ ಹೋಗುತ್ತದೆ.

ಈ ಸಲಗನ ದಂತ ದೊಡ್ಡದೇ. ಆದರೆ ಈ ಕಾಡಿನಲ್ಲೇ ಇದ್ದ ಭೋಗೇಶ್ವರ ಎಂಬ ಸಲಗನದು ಇದಕ್ಕಿಂತ ಎಷ್ಟೋ ಉದ್ದ ಎಂದು ಡ್ರೈವರ್ ಹೇಳಿದರು. ಎರಡೂವರೆ ಮೀಟರಿನಷ್ಟು ಉದ್ದದ, ಒಂದಕ್ಕೊಂದು ಅಡ್ಡ ಬಂದು ನೆಲ ಮುಟ್ಟುವಂತಿದ್ದ ದಂತ ಅವನದು. ಜೀಪ್ ಎದುರಾದರೂ ಗಾಬರಿಯಾಗುತ್ತಿರಲಿಲ್ಲವಂತೆ. ವಯಸ್ಸಾಗಿ, 2022ರ ಜೂನ್‌ನಲ್ಲಿ ತೀರಿಕೊಂಡ. ಅಂಥ ದಂತ ಇಟ್ಟುಕೊಂಡು ಬೇಟೆಗಾರರ ಕೈಗೆ ಸಿಗದೆ ಸುಮಾರು 60 ವರ್ಷ ಬದುಕಿದ್ದು ನನಗೆ ದೊಡ್ಡ ಸಮಾಧಾನ.

ದೊಡ್ಡಪ್ಪ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಈಗ ನೀರಿನ ಕಡೆ ಕೈ ತೋರಿಸಿ, "ಕಾಕನಕೋಟೆ ಖೆಡ್ಡಾ ಆಗ್ತಿದ್ದುದು ಈ ಹೊಳೇಲೇ ಕಣವ್ವ" ಅಂದರು.

ನನಗೆ ಗೊತ್ತಿತ್ತು. ಅವರ ಬಾಯಿಂದ ಇಲ್ಲೇ ಕೇಳಬೇಕು ಎಂದೇ ಕರೆತಂದಿದ್ದೆ. ಖೆಡ್ಡಾ ಅಂದರೆ ಕಾಡಾನೆ ಹಿಂಡನ್ನು ಅಟ್ಟಿಕೊಂಡು ಬಂದು ದೊಡ್ಡಿಯಲ್ಲಿ ಕೂಡಿ ಹಿಡಿಯುವುದು. ಮೈಸೂರು ಸಂಸ್ಥಾನದಲ್ಲಿ ಅದನ್ನು ಶುರು ಮಾಡಿದ್ದು ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್, 1870ರ ದಶಕದಲ್ಲಿ, ಚಾಮರಾಜನಗರದ ಕಡೆ. ಕಾಕನಕೋಟೆಯಲ್ಲಿ ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ, ದಾಟಿಸಿ, ಆಚೆ ದಡದ ದೊಡ್ಡಿಗೆ ನುಗ್ಗಿಸುತ್ತಿದ್ದರು. ರಾಜರ, ವೈಸರಾಯರ ಮುಂದೆ ಇದೊಂದು ದೊಡ್ಡ ಪ್ರದರ್ಶನವಾಗಿತ್ತು. ಕೊನೆಯದು ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಕಬಿನಿಗೆ ಕಟ್ಟಿದ ಬೀಚನಹಳ್ಳಿ ಅಣೆಕಟ್ಟು ಮುಗಿದು, ಊರು, ಹಾಡಿ, ಕಾಡು ಎಲ್ಲ ಮುಳುಗಿದವು. ಕಾಡಿನ ಜೊತೆ ಹುಟ್ಟಿ ಬೆಳೆದ ಜೇನು ಕುರುಬರೂ ಕಾಡು ಕುರುಬರೂ ನೆಲೆ ಕಳೆದುಕೊಂಡರು.

ದೊಡ್ಡಪ್ಪ ಹುಡುಗರಿದ್ದಾಗ ಅವರಪ್ಪನ ಹೆಗಲ ಮೇಲೆ ಕೂತು ಒಂದು ಖೆಡ್ಡಾ ನೋಡಿದವರು. "ತಮಟೆ, ಕೋವಿ, ಜನರ ಕೂಗು. ಆನೆಗಳು ನೀರಿಗೆ ಬಿದ್ದಾಗ ಹೊಳೆ ಕಪ್ಪಗಾಯ್ತು. ಎಲ್ರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ರಾತ್ರಿ ದೊಡ್ಡಿಯಿಂದ ಅವು ಕೂಗೋದು ಕೇಳ್ತಾ ಇತ್ತು. ಅಮ್ಮ ಬೇಕು ಅಂತ ಅತ್ತುಬಿಟ್ಟೆ."

ಡ್ರೈವರ್ ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಜೀಪ್ ತಿರುಗಿಸುತ್ತಾ ತಮ್ಮ ಕತೆ ಹೇಳಿದರು. ಕಾಡಂಚಿನಲ್ಲಿ ಅವರಿಗೆ ಎರಡು ಎಕರೆ ಇದೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಮರದ ಮೇಲೆ ಅಟ್ಟಣೆ ಹಾಕಿಕೊಂಡು ರಾತ್ರಿಯೆಲ್ಲ ಕಾಯಬೇಕು. ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಇದೆ, ಕೆಲವು ಕಡೆ ರೈಲು ಕಂಬಿಯ ಬೇಲಿಯೂ ಬಂದಿದೆ. ಆದರೂ ಎಲ್ಲೋ ಒಂದು ಕಡೆ ಸಂದು ಸಿಗುತ್ತದೆ. "ಹಗಲು ಇಲ್ಲಿ ತೋರಿಸ್ತೀನಿ ಮೇಡಂ, ರಾತ್ರಿ ಅಲ್ಲಿ ಓಡಿಸ್ತೀನಿ. ಒಂದು ರಾತ್ರೀಲಿ ಬೆಳೆ ಹೋದ್ರೆ ಸಿಟ್ಟು ಬರ್ದೆ ಇರ್ತದಾ?" ಬರುತ್ತದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಜಾಸ್ತಿ. ಈ ಸಂಖ್ಯೆ ಹೇಳಿ ಹೆಮ್ಮೆಪಡುವ ನಾವು, ಅದರ ಖರ್ಚು ಕಾಡಂಚಿನ ರೈತರ ಮೇಲೆ ಬೀಳುತ್ತಿರುವುದನ್ನೂ ಹೇಳಬೇಕು. ಪರಿಹಾರ ಬೇಗ ಕೈ ಸೇರಬೇಕು. ಕಾಡಿನೊಳಗೆ ಮೇವು ಉಳಿಯಬೇಕು. ಇವೆರಡೂ ಆಗದೆ ಬೇಲಿ ಒಂದರಿಂದಲೇ ಏನೂ ಆಗದು ಎಂದು ನನಗನ್ನಿಸುತ್ತದೆ.

ಸಂಜೆ ಗೇಟಿನಲ್ಲಿ ಇಳಿಯುವಾಗ ಆ ಹುಡುಗ ದೊಡ್ಡಪ್ಪನ ಹತ್ತಿರ ಬಂದು, ಹಿಡಿದ ಆನೆಗಳನ್ನು ಏನು ಮಾಡಿದರು ಎಂದು ಕೇಳಿದ. ದೊಡ್ಡಪ್ಪ ಅವನಿಗೆ ಅರ್ಜುನನ ಕತೆ ಹೇಳಿದರು. 1968ರಲ್ಲಿ ಇದೇ ಕಾಕನಕೋಟೆಯಲ್ಲಿ ಸಿಕ್ಕಿಬಿದ್ದ ಆನೆ. 2012ರಿಂದ 2019ರವರೆಗೆ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ. 2023ರ ಡಿಸೆಂಬರ್‌ನಲ್ಲಿ, ಹಾಸನ ಜಿಲ್ಲೆಯಲ್ಲಿ ಕಾಡಾನೆ ಸೆರೆ ಹಿಡಿಯಲು ಕರೆದೊಯ್ದಾಗ, ಕಾಡಾನೆಯೊಂದಿಗೆ ಕಾದಾಡಿ ಸತ್ತ. ಹುಡುಗ ಸ್ವಲ್ಪ ಯೋಚಿಸಿ, "ಅವನ ಅಮ್ಮ ಇಲ್ಲೇ ಇದ್ಲಾ?" ಅಂದ. ದೊಡ್ಡಪ್ಪನ ಹತ್ತಿರ ಉತ್ತರ ಇರಲಿಲ್ಲ.

ಅರ್ಜುನ ಇರುತ್ತಿದ್ದ ಬಳ್ಳೆ ಆನೆ ಶಿಬಿರ ಇಲ್ಲಿಂದ ಮಾನಂದವಾಡಿ ರಸ್ತೆಯಲ್ಲೇ ಸಿಗುತ್ತದೆ. ನಾಳೆ ಅಲ್ಲಿಗೆ ಹೋಗಲೇಬೇಕು ಎಂದು ದೊಡ್ಡಪ್ಪ ಹಟ ಹಿಡಿದಿದ್ದಾರೆ. ಕಾಡಿನ ರಸ್ತೆ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ದಾರಿಯಲ್ಲಿ ಸುಮ್ನೆ ಗಾಡಿ ನಿಲ್ಲಿಸುವ ಹಾಗಿಲ್ಲ, ಶಿಬಿರ ನೋಡಲು ಅರಣ್ಯ ಇಲಾಖೆಯವರನ್ನು ಕೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಆ ಕೆಲಸ.